ಮುಂದಿನ ತಿಂಗಳು ನೋಡೋಣ
ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ನನ್ನ ಮಾವನವರು ಈಗ ಯಾರ ಮನೆಗೆ ಹೋದರೂ ಕೂರುವ ಮೊದಲೇ ಬಚ್ಚಲು ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕುತ್ತಾರೆ. ಒಳಗೆ ಹೋದವರು ಹೊರಬರುವಷ್ಟರಲ್ಲಿ ಕೊಟ್ಟ ಕಾಫಿ ಆರಿರುತ್ತದೆ. "ಡಾಕ್ಟ್ರಿಗೆ ತೋರಿಸಪ್ಪ" ಎಂದು ನನ್ನ ಹೆಂಡತಿ ಅಂದರೆ, "ವಯಸ್ಸಾದ್ಮೇಲೆ ಇದೆಲ್ಲ ಇದ್ದದ್ದೇ ಕಣಮ್ಮ, ಮುಂದಿನ ತಿಂಗಳು ನೋಡೋಣ" ಎನ್ನುತ್ತಿದ್ದರು. ಆ ಮುಂದಿನ ತಿಂಗಳು ಬರಲು ಮೂರು ವರ್ಷ ಹಿಡಿಯಿತು. ಹೇಳಿ ಹೇಳಿ ನಮಗೂ ಸಾಕಾಗಿತ್ತು. ಕೊನೆಗೆ ನಾನೇ ಆಸ್ಪತ್ರೆಗೆ ಕರೆದೊಯ್ದೆ. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಗೆಂದು ರಕ್ತಪರೀಕ್ಷೆ ಬರೆದ ಡಾಕ್ಟರು, "ನಿಮ್ಮ ತಂದೆಯವರಿಗೆ ಈ ಗ್ರಂಥಿಯ ಕ್ಯಾನ್ಸರ್ ಇತ್ತಾ?" ಎಂದು ಮಾವನವರನ್ನು ಕೇಳಿದರು. "ಗೊತ್ತಿಲ್ಲ ಸಾರ್. ಕೊನೇ ವರ್ಷ ಸೊಂಟನೋವು ಅಂತ ಮಲಗೇ ಇದ್ರು. ನಾವು ಕೇಳ್ಲಿಲ್ಲ, ಅವರು ಹೇಳ್ಲಿಲ್ಲ." ರಕ್ತ ಕೊಟ್ಟು ಬಂದವರು ತೋಳಿಗೆ ಹತ್ತಿ ಒತ್ತಿಕೊಂಡೇ ಬೆಂಚಿನ ಮೇಲೆ ಕುಳಿತು, ಬೇರೆ ಊರಿನಲ್ಲಿರುವ ಮಗನಿಗೆ ನನ್ನಿಂದ ಫೋನ್ ಮಾಡಿಸಿದರು. ಮನೆಯವರೆದುರೂ ಬಾಯಿಬಿಡದ ಮನುಷ್ಯ, ಸುತ್ತ ಹತ್ತು ಜನರಿದ್ದರೂ ಜೋರಾಗಿಯೇ ಹೇಳಿದರು: "ನಂಗೆ ಮೂತ್ರ ಸರಿಯಾಗಿ ಹೋಗ್ತಿಲ್ಲ ಕಣೋ, ಮೂರು ವರ್ಷ ಆಯ್ತು. ರಿಪೋರ್ಟ್ ಬಂದ್ಮೇಲೆ ಅದನ್ನೂ ಹೇಳ್ತೀನಿ. ನಾಳೆ ಯಾರಾದ್ರೂ ಡಾಕ್ಟ್ರು ನಿಮ್ಮಪ್ಪಂಗೆ ಏನಾಗಿತ್ತು ಅಂತ ಕೇಳಿದ್ರೆ, ಗೊತ್ತಿಲ್ಲ ಅನ್ಬೇಡ."