ನದಿ ಇಳಿದಾಗ ಕಂಡ ಮೆಟ್ಟಿಲು

ಬಾಡಿಗೆ ಕೋಣೆಗೆ ಬಂದ ಮೊದಲ ದಿನ, ಮಧ್ಯಾಹ್ನ ಉಂಡು ಮಲಗುವಾಗ ಕಿಟಕಿಯ ಕೆಳಗೆ ನದಿ ಇತ್ತು. ಎದ್ದು ನೋಡಿದರೆ ಇಲ್ಲ. ಕೆಸರಿನ ಇಳಿಜಾರು, ಅದರ ಮೇಲೆ ಒರಗಿದ ದೋಣಿ, ಬಹಳ ಕೆಳಗೆ ಒಂದು ಪಟ್ಟಿ ನೀರು.

"ಖಾಲಾ, ಗೇಟು ಯಾರು ಹಾಕಿದರು?" ಎಂದು ಮನೆಯೊಡತಿಯನ್ನು ಕೂಗಿದೆ.

"ನದಿಗೆ ಗೇಟೇ?" ಟೀವಿಯಿಂದ ಕಲಿತ ಹಿಂದಿಯಲ್ಲಿ ಕೇಳಿ ಅವಳು ನಕ್ಕಳು. "ನಿಮ್ಮ ದೇಶದಲ್ಲಿ ಸಮುದ್ರಕ್ಕೂ ಬೀಗ ಹಾಕುತ್ತೀರೇನು? ಇದು ಭಾಟಾ. ಸಂಜೆಗೆ ಜೋಯಾರ್ ಬರುತ್ತದೆ."

ಭಾಟಾ ಎಂದರೆ ಇಳಿತ, ಜೋಯಾರ್ ಎಂದರೆ ಭರತ. ಬಾಂಗ್ಲಾದೇಶದ ಈ ಖುಲ್ನಾ ಸೀಮೆಯಲ್ಲಿ ನದಿ ದಿನವೂ ಸಮುದ್ರದೊಂದಿಗೆ ಏರಿಳಿಯುತ್ತದೆ. ನಾನು ಸಿಂಧನೂರಿನವಳು. ನಮ್ಮಲ್ಲಿ ಕಾಲುವೆಯ ನೀರು ಹೋಯಿತೆಂದರೆ ಮೇಲೆಲ್ಲೋ ಯಾರೋ ಗೇಟು ಹಾಕಿ ನಿಲ್ಲಿಸಿದ್ದಾರೆ ಎಂದರ್ಥ.

ಅಗ್ಗವಾಗಿ ಬಹುಕಾಲ ಪರದೇಶದಲ್ಲಿರುವುದು ಹೇಗೆಂದು ನನ್ನ ಬರಹ ಓದುವ ಮಸ್ಕಿ, ಲಿಂಗಸುಗೂರಿನ ಹುಡುಗಿಯರು ಕೇಳುತ್ತಿರುತ್ತಾರೆ. ಹೋಟೆಲು ಬೇಡ, ತಿಂಗಳ ಬಾಡಿಗೆಗೆ ಕೋಣೆ ಹಿಡಿಯಿರಿ. ರಿಕ್ಷಾದವರು ಉಣ್ಣುವಲ್ಲಿ ಉಣ್ಣಿ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಒಯ್ಯಿರಿ. ಅನ್ನ-ಮೀನಿನ ನಾಡಿನಲ್ಲಿ ನಾಲಿಗೆ ಅಳುವಾಗ ಒಂದು ಚಿಟಿಕೆ ಸಾಕು. ಮತ್ತೆ, ಯಾವ ಜಾಗವನ್ನೂ ಒಂದೇ ಹೊತ್ತಿನಲ್ಲಿ ನೋಡಿ ತೀರ್ಮಾನಿಸಬೇಡಿ. ಈ ಕೊನೆಯ ಪಾಠದ ಬೆಲೆ ತೆತ್ತವಳು ಸಿಂಧನೂರಿನ ಬಳಿ ಬಂಗಾಳಿ ನಿರಾಶ್ರಿತರಿಗಾಗಿ ಕಟ್ಟಿದ ಆರ್.ಎಚ್. ಕ್ಯಾಂಪಿನ ಠಾಕುಮಾ.

ಬಂಗಾಳಿಯಲ್ಲಿ ಠಾಕುಮಾ ಎಂದರೆ ಅಜ್ಜಿ. ಜವಳಗೇರಾದ ನಮ್ಮ ಹೊಲಕ್ಕೆ ನಾಟಿ ಹಚ್ಚಲು ಬರುತ್ತಿದ್ದಳು. ನಾನೀಗ ಇರುವ ಖುಲ್ನಾ ಸೀಮೆಯ ಈ ಊರಿನಿಂದಲೇ ಹುಡುಗಿಯಾಗಿದ್ದಾಗ ನಿರಾಶ್ರಿತಳಾಗಿ ಹೊರಟವಳು. ಮಸೀದಿಯಾಚೆಯ ಆಲದ ಮರದ ಕೆಳಗೆ, ಭಟ್ಟಿಯ ಒಡಕಲು ಇಟ್ಟಿಗೆಯಿಂದ, ಅವಳಪ್ಪ ನದಿಗೆ ಮೆಟ್ಟಿಲು ಕಟ್ಟಿದ್ದನಂತೆ. ಅಪ್ಪನದೆಂದು ಅವಳಲ್ಲಿ ಬೇರೇನೂ ಇಲ್ಲ, ಒಂದು ಫೋಟೊ ಕೂಡ. ಮೊಮ್ಮಕ್ಕಳು ಮೆಟ್ಟಿಲನ್ನೂ ನಂಬುವುದಿಲ್ಲ.

"ನೀ ಹೊಂಟೀದಿಯಲ್ಲ, ಅದಾವೋ ಇಲ್ಲೋ ನೋಡಿ ಹೇಳು," ಎಂದಿದ್ದಳು. "ನಂಗ ಹುಚ್ಚ ಹಿಡದಿಲ್ಲಂತ ಇವಕ್ಕ ಗೊತ್ತಾಗಲಿ."

ವಾರದ ಹಿಂದೆ ಕೋಣೆ ನೋಡಲು ಬಂದ ದಿನವೇ ಆಲದ ಬುಡದಲ್ಲಿ ನಿಂತು ಫೋನಿನ ವೀಡಿಯೊದಲ್ಲಿ ಅವಳಿಗೆ ತೋರಿಸಿದ್ದೆ. ತುಂಬಿದ ನೀರು, ಅಷ್ಟೇ.

"ಏನೂ ಇಲ್ಲ, ಠಾಕುಮಾ."

"ಇಲ್ಲಂದ್ರ ಇಲ್ಲ ಬಿಡವ್ವ. ಕನಸಿದ್ದೀತು."

ನೀರು ಇಳಿಯುತ್ತದೆಂದು ಅವಳಿಗೂ ಹೊಳೆಯಲಿಲ್ಲ. ಕಾಲುವೆಯ ಮಗ್ಗುಲಲ್ಲೇ ಮುದುಕಿಯಾದವಳು. ಆಮೇಲೆ ಆ ಮೆಟ್ಟಿಲಿನ ಮಾತನ್ನೇ ಬಿಟ್ಟಿದ್ದಳೆಂದು ಮನೆಯಿಂದ ತಿಳಿದಿತ್ತು.

ಖಾಲಾ ಭಾಟಾ ಎಂದೊಡನೆ ಬರಿಗಾಲಲ್ಲಿ ಆಲದ ಮರಕ್ಕೆ ಓಡಿದೆ. ಕೆಸರಿನಲ್ಲಿ ಪಾಚಿ ಹಿಡಿದ ಇಟ್ಟಿಗೆಗಳು, ಒಂದರ ಕೆಳಗೊಂದು. ಮೆಟ್ಟಿಲು ಅನ್ನಬಹುದು. ಕಾಲು ಜಾರದಿರಲೆಂದು ಯಾರೋ ಎಸೆದದ್ದು ಅನ್ನಲೂಬಹುದು. ಹಿಂದೆಯೇ ಬಂದ ಖಾಲಾ ಹಾಗೇ ಅಂದು ಒಳಗೆ ಹೋದಳು. 'ಕಂಡೆ' ಎಂದು ಬರೆಯಲು ಈಗಲೂ ಕೈ ತಡೆಯುತ್ತದೆ. ಕಂಡೆನೋ, ನನಗೆ ಕಾಣಲೇಬೇಕಾಗಿತ್ತೋ?

ಫೋನು ಮಾಡಿ ತೋರಿಸಿದೆ. ಠಾಕುಮಾ ಫೋನನ್ನು ಕಣ್ಣಿನ ಹತ್ತಿರ ತಂದಳು.

"ನೀರ ಇಳಿತಿತ್ತಲ್ಲಬೇ," ಅಂದಳು. "ಅದನ್ನ ಹೆಂಗ ಮರ್ತೆ ನಾ?"

"ಇವೇ ಏನು?"

"ನೀ ಕುಂಡ್ರು ಅದರ ಮ್ಯಾಲೆ. ಕುಂತ್ರ ಗೊತ್ತಾಗತೈತಿ."

ಕುಳಿತೆ. ಜೋಯಾರ್ ಶುರುವಾಗಿತ್ತು, ನೀರು ಮೆಲ್ಲಗೆ ಬಂದು ಪಾದ ಮುಟ್ಟಿತು.

"ಜೊಲ್ ಠಾಂಡಾ?" ಎಂದು ಠಾಕುಮಾ ಕೇಳಿದಳು, ನೀರು ತಣ್ಣಗಿದೆಯೇ ಎಂದು. ನನ್ನೊಡನೆ ಅವಳು ಬಂಗಾಳಿ ಆಡಿದವಳೇ ಅಲ್ಲ. ಫೋನಿನಲ್ಲಿ ಅವಳ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹೆಗಲಾಚೆ ಇತ್ತು. ನಾನು ತಿರುಗಿ ನೋಡಲಿಲ್ಲ. ಯಾರಾದರೂ ಉತ್ತರ ಕೊಡಬೇಕಿತ್ತು.

"ಠಾಂಡಾ," ಎಂದೆ.

ಅಂದಿನಿಂದ ಅವಳು ನನ್ನೊಡನೆ ಕನ್ನಡ ಮಾತಾಡಿಲ್ಲ. ಭಾಟಾದ ಹೊತ್ತಿಗೆ ಫೋನು ಬರುತ್ತದೆ, ನಾನು ಹೋಗಿ ಕೂರುತ್ತೇನೆ. ಮೊಮ್ಮಕ್ಕಳು ನಂಬಿದರೋ ಇಲ್ಲವೋ, ಅವಳು ಹೇಳಿಲ್ಲ. ಕಾಲುವೆಗೆ ನೀರು ಬಿಟ್ಟರೇ ಎಂದು ನಾನು ಕೇಳಿದರೆ, ಯಾವುದೋ ಪರವೂರಿನ ಸುದ್ದಿಯೆಂಬಂತೆ ಕೇಳಿಸಿಕೊಳ್ಳುತ್ತಾಳೆ.

ವೀಸಾ ಮುಗಿಯುತ್ತ ಬಂತು. ಸಿಂಧನೂರಿಗೆ ಹೋದರೆ ಅವಳನ್ನು ಎದುರಿಗೇ ನೋಡಬಹುದು. ಆದರೆ ಆಗ ಮೆಟ್ಟಿಲ ಮೇಲೆ ಯಾರೂ ಇರುವುದಿಲ್ಲ.