ಓವರ್ ಅನ್ನುವ ತನಕ

ನಮ್ಮ ಭಾವನಂಥ ವಿಚಿತ್ರ ಮನುಷ್ಯರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಹಗಲೆಲ್ಲ ಮನೆಮನೆ ತಿರುಗಿ ಫ್ರಿಜ್ ರಿಪೇರಿ ಮಾಡುತ್ತಾರೆ. ಸಂಜೆಯಾಯಿತೋ, ಕಾಫಿ ಲೋಟ ಹಿಡಿದು ಟೆರೇಸಿನ ಕೋಣೆ ಸೇರಿ ರೇಡಿಯೋ ಮುಂದೆ ಕೂತರು ಎಂದೇ ಲೆಕ್ಕ. ಹಾಡು ಕೇಳುವ ರೇಡಿಯೋ ಅಲ್ಲ, ಮಾತಾಡುವ ರೇಡಿಯೋ. ಪರೀಕ್ಷೆ ಬರೆದು ಲೈಸೆನ್ಸ್ ಪಡೆದಿದ್ದಾರೆ. ಟೆರೇಸಿನ ಬಿಸಿಲೆಲ್ಲ ಅವರ ಆಂಟೆನಾ ತಂತಿಗೆ. ಅಕ್ಕನ ಒದ್ದೆ ಬಟ್ಟೆಗೆ ಮಾತ್ರ ನೆರಳು.

ಇಷ್ಟೆಲ್ಲ ಹರಸಾಹಸ ಮಾಡಿ, ಸಮುದ್ರದಾಚೆಯ ಯಾರನ್ನೋ ಹಿಡಿದು, ಕೊನೆಗೆ ಕೇಳುವುದೇನು ಗೊತ್ತೇ? "ಊಟ ಆಯ್ತಾ? ಏನು ಮಾಡಿದ್ರಿ? ಓವರ್." ಅದಕ್ಕೆ ಲೈಸೆನ್ಸ್ ಬೇರೆ ಕೇಡು!

ರೇಡಿಯೋದಲ್ಲಿ ತಮ್ಮ ಮಾತು ಮುಗಿದ ಮೇಲೆ 'ಓವರ್' ಅನ್ನಬೇಕಂತೆ. ಅಲ್ಲಿಯವರೆಗೆ ಎದುರಿನವರು ಬಾಯಿ ಬಿಡುವಂತಿಲ್ಲ. ಭಾವನಿಗೆ ಅದು ಎಷ್ಟು ಅಂಟಿಕೊಂಡಿದೆಯೆಂದರೆ ಊಟಕ್ಕೆ ಕೂತಾಗಲೂ "ಉಪ್ಪು ಕೊಡು, ಓವರ್" ಎನ್ನುತ್ತಾರೆ. ಅಕ್ಕ ತಲೆ ಚಚ್ಚಿಕೊಳ್ಳುತ್ತಾಳೆ.

ನಮ್ಮ ತವರಿನಲ್ಲಿ ಇದಕ್ಕೆ ತದ್ವಿರುದ್ಧ. ನಾನು, ಅಣ್ಣ ಇಬ್ಬರೂ ಒಟ್ಟಿಗೇ ಕಿರುಚುವವರು. ಅಪ್ಪನ ಬೇಕರಿಯನ್ನು ಇಬ್ಬರೇ ನಡೆಸುತ್ತಿದ್ದೆವು; ಹಿಟ್ಟು ನಾದುವುದು ಅವನು, ಒಲೆ ನೋಡಿಕೊಳ್ಳುವುದು ನಾನು. ಒಂದು ದಿನ ಬ್ರೆಡ್ಡಿನ ತಳ ಸೀದದ್ದಕ್ಕೆ ಗಿರಾಕಿಗಳ ಎದುರಿಗೇ, "ಒಲೆ ಉರಿಸೋಕೂ ಬರಲ್ವಾ ನಿಂಗೆ?" ಅಂದುಬಿಟ್ಟ. ನನಗೆ ಪಿತ್ತ ನೆತ್ತಿಗೇರಿತು. ಏಪ್ರನ್ ಬಿಚ್ಚಿ ಅವನ ಮುಖದ ಮೇಲೆಸೆದು ಅಕ್ಕನ ಮನೆಗೆ ಬಂದವಳು ಕಾಲೇಜು ಕ್ಯಾಂಟೀನಿನಲ್ಲಿ ಕೆಲಸಕ್ಕೆ ಸೇರಿದೆ. ವರ್ಷದಿಂದ ಮಾತಿಲ್ಲ. ಈಗ ಅಣ್ಣ ಬೇಕರಿ ಮುಚ್ಚುತ್ತಿದ್ದಾನೆಂದು ಅಕ್ಕ ಹೇಳಿದಾಗ, "ಮುಚ್ಕೊಳ್ಳಲಿ" ಅಂದೆ. ಆಮೇಲೆ ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದೆ, ಅದು ಬೇರೆ ಮಾತು.

ವರ್ಷಕ್ಕೊಮ್ಮೆ ರೇಡಿಯೋದವರೆಲ್ಲ ಸೆಟ್ಟು, ಬ್ಯಾಟರಿ, ಪಾತ್ರೆಪಡಗ ಹೊತ್ತು ಬೆಟ್ಟ ಹತ್ತುತ್ತಾರೆ. ದಿನವಿಡೀ ಮಾತು, ಅಲ್ಲೇ ಅಡುಗೆ, ಅಲ್ಲೇ ಊಟ. ಭಾವ ನನ್ನ ಹತ್ತಿರ ಬಂದು, "ಮೆಣಸಿನಕಾಯಿ, ಈ ಸಲ ಸೂಪ್ ನಿನ್ನ ಕೈಯಿಂದಾಗಲಿ" ಅಂದರು. ಅವರು ನನ್ನನ್ನು ಕರೆಯುವುದೇ ಹಾಗೆ. ಒಪ್ಪಿದೆ. ಬ್ರೆಡ್ಡು ಯಾರು ತರುತ್ತಾರೆಂದು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಕಳ್ಳ!

ಬೆಟ್ಟದ ಮೇಲೆ ಸೂಪ್ ಕುದಿಯುತ್ತಿತ್ತು. ಮೊಬೈಲ್ ಸಿಗ್ನಲ್ ಇಲ್ಲ. ಭಾವ ಕೈಯಲ್ಲಿ ಹಿಡಿಯುವ ಚಿಕ್ಕ ಸೆಟ್ಟನ್ನು ನನಗೆ ಕೊಟ್ಟರು. "ಲೈಸೆನ್ಸ್ ಇರೋ ನಾನು ಪಕ್ಕದಲ್ಲೇ ಇದೀನಿ, ನೀನು ಧೈರ್ಯವಾಗಿ ಮಾತಾಡು. ಕೆಳಗೆ ವ್ಯಾನಿನಲ್ಲಿ ಬ್ರೆಡ್ ಬಂದಿದೆ, ನಮ್ಮವರೊಬ್ಬರು ಅಲ್ಲೂ ಸೆಟ್ ಇಟ್ಕೊಂಡಿದಾರೆ, ಯಾವಾಗ ಮೇಲೆ ತರಬೇಕು ಅಂತ ಹೇಳು. ಗುಂಡಿ ಒತ್ತಿದ್ರೆ ಮಾತು, ಬಿಟ್ರೆ ಕೇಳೋದು."

ಒತ್ತಿದೆ. "ಸೂಪ್ ರೆಡಿ, ಬ್ರೆಡ್ ತನ್ನಿ. ಓವರ್."

"ಸರಿ, ತರ್ತೀನಿ. ಯಾರು ಮಾತಾಡ್ತಿರೋದು? ಓವರ್."

ಅಣ್ಣನ ದನಿ! ಮೈಯೆಲ್ಲ ಉರಿದುಹೋಯಿತು. ಗುಂಡಿ ಒತ್ತಿ ಒಂದೇ ಉಸಿರಿಗೆ ಬೈಯತೊಡಗಿದೆ. ನನ್ನ ದನಿಯ ಗುರುತು ಹತ್ತಿ ಅವನೂ ಆ ಕಡೆ ಶುರುಮಾಡಿದನೆಂದು ಕಾಣುತ್ತದೆ. ಸುಸ್ತಾಗಿ ಬೆರಳು ತೆಗೆದಾಗ, ಬೆಟ್ಟದ ಇನ್ನೊಂದು ಮಗ್ಗುಲಲ್ಲಿದ್ದ ಯಾರೋ ರೇಡಿಯೋದಲ್ಲೇ ಗೋಗರೆದರು: "ಸ್ವಾಮಿ, ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದೀರಿ. ನಮಗೆ ಬರೀ ಕಿರ್ರ್ ಅಂತ ಕೇಳಿಸ್ತಿದೆ. ಓವರ್."

ನಾನು ಮತ್ತೆ ಗುಂಡಿ ಒತ್ತಿದೆ. ಭಾವ ಸೂಪ್ ಕಲಕುತ್ತಾ ನನ್ನತ್ತ ನೋಡದೆಯೇ ಹೇಳಿದರು: "ಒತ್ತಿಕೊಂಡಿದ್ದಷ್ಟು ಹೊತ್ತು ನಿಂಗೇನೂ ಕೇಳಿಸಲ್ಲ, ಮೆಣಸಿನಕಾಯಿ. ಬಿಡು ಒಂದ್ಸಲ."

ಬಿಟ್ಟೆ. ಹಲ್ಲು ಕಚ್ಚಿ ಕಾದೆ.

"ಅವತ್ತು ಅಂದಿದ್ದು ತಪ್ಪು," ಅಂದ ಅಣ್ಣ. ಬಾಯಿ ತೆರೆದೆ, ಅವನು ಓವರ್ ಅಂದಿರಲಿಲ್ಲ, ಮುಚ್ಚಿದೆ. "ಹಿಟ್ಟೇನೋ ನಾದ್ತೀನಿ. ಆ ಒಲೆ ನನ್ನ ಮಾತು ಕೇಳಲ್ಲ. ಒಂದು ದಿನ ಸೀಯುತ್ತೆ, ಒಂದು ದಿನ ಬೇಯೋದೇ ಇಲ್ಲ. ಬರೋವ್ರೆಲ್ಲ ನಿನ್ನನ್ನೇ ಕೇಳ್ತಾರೆ. ಅಪ್ಪನ ಅಂಗಡಿಗೆ ನನ್ನ ಕೈಯಾರೆ ಬೀಗ ಹಾಕೋಕೆ ಆಗ್ತಿಲ್ಲ ಕಣೇ. ವಾಪಸ್ ಬಾ."

ಇಷ್ಟಾದರೂ ಗುಂಡಿ ಬಿಟ್ಟಿರಲಿಲ್ಲ; ಅವನು ಮೂಗೆಳೆದುಕೊಳ್ಳುವುದು ಕೇಳಿಸುತ್ತಿತ್ತು. ಇವನ ಮಾತನ್ನು ನಾನು ಕೊನೆಯವರೆಗೆ ಕೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ನನಗೂ ಅಳು ಉಕ್ಕಿ ಬಂತು, ಏನು ಮಾಡಲಿ?

"ಓವರ್," ಅಂದ ಕೊನೆಗೆ.

ಗುಂಡಿ ಒತ್ತಿದೆ. "ಸೂಪ್ ಆರಿಹೋಗುತ್ತೆ. ಬೇಗ ಹತ್ತು. ಓವರ್" ಅಂದೆ.

ಬ್ರೆಡ್ಡಿನ ತಟ್ಟೆ ಹೊತ್ತು ಏದುಸಿರು ಬಿಡುತ್ತಾ ಬಂದ. ಸೊರಗಿಹೋಗಿದ್ದ. ಇಬ್ಬರೂ ಒಟ್ಟಿಗೇ ಬಾಯಿ ತೆರೆದೆವು, ಒಟ್ಟಿಗೇ ನಿಲ್ಲಿಸಿದೆವು. ಭಾವ ಸೌಟು ಹಿಡಿದು ಕಿಸಕ್ಕನೆ ನಕ್ಕರು.

"ನೀನೇ ಮೊದಲು ಹೇಳು," ಅಂದ ಅಣ್ಣ.

ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. "ತಳ ಸೀದಿದೆ," ಅಂದೆ.

"ಗೊತ್ತು. ಅದಕ್ಕೇ ಬಾ ಅಂದಿದ್ದು."

"ನಾನಿನ್ನೂ ಓವರ್ ಅಂದಿಲ್ಲ," ಅಂದೆ. ಅವನು ತೆಪ್ಪಗಾದ. "ನಾಳೆಯಿಂದ ಒಲೆ ನಾನು ಹಚ್ತೀನಿ. ಓವರ್."