ಓನರಮ್ಮನ ಬಿಸಿನೀರಿನ ಗಾಡಿ

ಬೆಳಿಗ್ಗೆ ಏಳುವಾಗ ಅವರ ಎರಡೂ ಕೈ ಮುಷ್ಟಿ ಕಟ್ಟಿಕೊಂಡಿರುತ್ತಿದ್ದವು. ಹೆಬ್ಬೆರಳು ಒಳಗೆ ಸಿಕ್ಕಿ, ಮಿಕ್ಕ ಬೆರಳುಗಳು ಅದರ ಮೇಲೆ ಮಡಚಿ ಬಿಗಿದು, ಗೆಣ್ಣುಗಳು ಊದಿ ಕೆಂಪಗೆ ಹೊಳೆಯುತ್ತಿದ್ದವು. ಹಜಾರದ ಮೂಲೆಯ ಸ್ಟೂಲಿನ ಮೇಲೆ ಅಗಲವಾದ ಸ್ಟೀಲ್ ಬೋಸಿ, ಅದರಲ್ಲಿ ಕೈ ತಡೆಯುವಷ್ಟು ಬಿಸಿಯ ನೀರು. ಎರಡೂ ಮುಷ್ಟಿಯನ್ನು ಅದರಲ್ಲಿ ಮುಳುಗಿಸಿ, ಕಣ್ಣು ಮುಚ್ಚಿ ಓನರಮ್ಮ ಕೂತಿರುತ್ತಿದ್ದರು. ನೀರು ಆರಿದ ಹಾಗೆಲ್ಲ ಬದಲಾಯಿಸಬೇಕು. ಬಹಳ ಹೊತ್ತಿನ ಮೇಲೆ ಕಿರುಬೆರಳು ಮೊದಲು ಸಡಿಲವಾಗುತ್ತಿತ್ತು, ಆಮೇಲೆ ಅದರ ಪಕ್ಕದ್ದು, ಎಲ್ಲಕ್ಕಿಂತ ಕೊನೆಗೆ ಹೆಬ್ಬೆರಳು. ಅಲ್ಲಿಯವರೆಗೆ ಅವರು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. "ಮೊದ್ಲು ಕೈ, ಆಮೇಲ್ ಕಾಫಿ, ಆಮೇಲ್ ಜಗಳ" ಎನ್ನುವುದು ಅವರ ದಿನಚರಿಯಾಗಿತ್ತು.

ಸಂಜಯನಗರದ ಅವರ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದದ್ದು ಗಂಡನ ಮನೆ ಬಿಟ್ಟುಬಂದ ಹೊಸದರಲ್ಲಿ. ಮನೆ ತೋರಿಸುವಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಬ್ಳೇನಾ?" ಎಂದರು. ಹೂಂ ಅಂದೆ. ಮುಂದಿನ ಪ್ರಶ್ನೆಗೆ ಮೈ ಬಿಗಿ ಹಿಡಿದು ನಿಂತಿದ್ದೆ. "ಬ್ಲೌಸ್ ಹುಕ್ಕು ಹಾಕೋಕೆ ಬರ್ತದಾ?" ಎಂದು ಕೇಳಿದರು. ಅದೇ ಕೊನೆಯ ಪ್ರಶ್ನೆ. ಮರುದಿನದಿಂದ ಬೆಳಿಗ್ಗೆ ಕೆಳಗಿಳಿದು ಅವರ ಬೆರಳು ಬಿಡಿಸುವುದು, ಹುಕ್ಕು ಹಾಕುವುದು, ಸೀರೆಯ ನೆರಿಗೆ ಹಿಡಿಯುವುದು ನನ್ನ ಪಾಲಿಗೆ ಬಂತು. ನನಗೂ ಅದು ಬೇಕಾಗಿತ್ತು. ಆಫೀಸು ಬಿಟ್ಟರೆ ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಮದುವೆ, ನಾಮಕರಣ ಎಂದು ಯಾರಾದರೂ ಕರೆದರೆ ಜ್ವರ ಎಂದು ಸುಳ್ಳು ಹೇಳುತ್ತಿದ್ದೆ. ಅಲ್ಲಿ ಹೋದರೆ "ಯಜಮಾನ್ರು ಬರ್ಲಿಲ್ವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ನನ್ನ ನಾಲಿಗೆ ಅಲ್ಲೇ ಹೂತುಹೋಗುತ್ತದೆ.

ಓನರಮ್ಮನೂ ಎಲ್ಲಿಗೂ ಹೋಗುತ್ತಿರಲಿಲ್ಲ. ಕಾರಣ ಅವರ ಗಂಡ ಒಮ್ಮೆ ಮೆಟ್ಟಿಲ ಮೇಲೆ ಕೂತು ಹೇಳಿದರು. ಚಿಕ್ಕಬಳ್ಳಾಪುರದಲ್ಲಿರುವ ಓನರಮ್ಮನ ತಮ್ಮನ ದೊಡ್ಡ ಮಗಳ ಮದುವೆ. ಇವರು ಸೋದರತ್ತೆ, ಮುಂದೆ ನಿಲ್ಲಬೇಕಾದವರು. ಛತ್ರದಲ್ಲಿ ಬೀಗರೆಲ್ಲ ಸ್ನಾನ ಮಾಡಿ ಬಿಸಿನೀರು ಖಾಲಿಯಾಗಿತ್ತು. ಬೆರಳು ಬಿಚ್ಚಲಿಲ್ಲ. ಮುಷ್ಟಿಯ ಸಂದಿಯಲ್ಲೇ ಅಕ್ಷತೆ ತುರುಕಿಕೊಂಡು ಮಂಟಪದ ಹತ್ತಿರ ನಿಂತರು. ಗಟ್ಟಿಮೇಳ ಬಾರಿಸಿದಾಗ ಎಲ್ಲರ ಅಕ್ಷತೆಯೂ ಬಿತ್ತು, ಇವರದು ಕೈಯಲ್ಲೇ ಉಳಿಯಿತು. ಬೀಗರ ಕಡೆಯ ಒಬ್ಬಾಕೆ, "ಸೋದರತ್ತೆ ಮುಷ್ಟಿ ಬಿಗಿ ಇಡ್ಕೊಂಡವ್ಳೆ ನೋಡ್ರೇ" ಎಂದು ಎಲ್ಲರಿಗೂ ಕೇಳುವ ಹಾಗೆ ನಕ್ಕಳಂತೆ. ಆ ಹುಡುಗಿಗೆ ಮಕ್ಕಳಾಗುವುದು ತಡವಾದಾಗ ಆ ಮಾತು ಮತ್ತೆ ಎದ್ದು ಬಂತು. ಅವತ್ತಿನಿಂದ ಓನರಮ್ಮ ಬೇರೆಡೆ ಒಂದು ರಾತ್ರಿ ಕಳೆದವರಲ್ಲ. ಅವರ ಯಜಮಾನರು ಬಿಸಿನೀರು ಒಯ್ಯಲೆಂದು ಫ್ಲಾಸ್ಕು ತಂದುಕೊಟ್ಟರೆ "ಇದು ಕಾಫಿ ಅಲ್ಲ ಕಣ್ರೀ" ಎಂದು ತಳ್ಳಿದ್ದರು. ನಾಲ್ಕು ಜನರ ಮಧ್ಯೆ ಬೋಸಿ ಇಟ್ಟುಕೊಂಡು ಕೂರಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಹಾಗಾಗಿ ನಾವಿಬ್ಬರೂ ಒಂದೇ ಮನೆಯಲ್ಲಿ, ಕೆಳಗೊಬ್ಬರು ಮೇಲೊಬ್ಬರು, ಬಾಗಿಲು ಹಾಕಿಕೊಂಡು ಕೂತಿದ್ದೆವು.

ತಮ್ಮನ ಚಿಕ್ಕ ಮಗಳ ಮದುವೆ ಗೊತ್ತಾಯಿತು. ತಮ್ಮ ಬಂದು ಲಗ್ನಪತ್ರಿಕೆ ಕೊಟ್ಟು, "ಅಕ್ಕಾ, ಈ ಸಲ ನೀನ್ ಬರ್ಲಿಲ್ಲಾಂದ್ರೆ ಆ ಮಾತು ನಿಜ ಅಂತ ಜನ ಅಂದ್ಕೋತಾರೆ" ಎಂದು ಹೋದ. ಅವರು ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ನಾಲ್ಕನೆಯ ದಿನ ಯಜಮಾನರು ಆರ್.ಟಿ. ನಗರದಿಂದ ತಮ್ಮ ಜೀಪಿನ ಹಿಂದೆ ಒಂದು ಗಾಡಿ ಎಳೆದುಕೊಂಡು ಬಂದರು. ಎರಡು ಚಕ್ರದ ಮೇಲೆ ಕೂತ ತಗಡಿನ ಪುಟ್ಟ ಕೋಣೆ. ಒಳಗೆ ಒಂದು ಮಂಚ, ಒಂದು ಕಿಟಕಿ, ಪಕ್ಕದಲ್ಲಿ ಬಾಗಿಲು. ಯಾರೋ ಹುಡುಗ ಕಾಡಿನಲ್ಲಿ ಮಲಗುತ್ತೇನೆಂದು ಕೊಂಡು, ಒಂದೇ ಸಲ ಸೊಳ್ಳೆ ಕಚ್ಚಿಸಿಕೊಂಡು ಬಂದು ಮಾರಿದ್ದು.

"ಏನ್ರೀ ಇದು, ಐಸ್‌ಕ್ರೀಮ್ ಗಾಡಿ ತಂದಿದೀರಾ?" ಎಂದರು ಓನರಮ್ಮ.

"ನಿನ್ ಬಚ್ಚಲು ಕಣೇ. ನೀನ್ ಎಲ್ಲೋದ್ರೂ ನಿನ್ನ ಹಿಂದೇನೇ ಬರ್ತದೆ."

ಯಶವಂತಪುರದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಯಜಮಾನರ ಕೈಗೆ ಕೆಲಸವಿರಲಿಲ್ಲ. ಈಗ ಸಿಕ್ಕಿತು. ಒಯ್ಯಬಹುದಾದಂಥ ಸಣ್ಣ ಗ್ಯಾಸ್ ಗೀಸರ್ ಕೊಂಡು ತಂದರು. ಮುಚ್ಚಿದ ಕೋಣೆಯೊಳಗೆ ಗ್ಯಾಸ್ ಉರಿಸಿದರೆ ಉಸಿರು ಕಟ್ಟುತ್ತದೆಂದು ಅದನ್ನು ಗಾಡಿಯ ಹೊರಗೆ, ಹಿಂಬದಿಗೆ ಕಬ್ಬಿಣದ ಪಟ್ಟಿ ಬಡಿದು ನೇತುಹಾಕಿದರು. ಕೆಳಗೆ ಪುಟ್ಟ ಸಿಲಿಂಡರ್. ನೀರಿನ ಕ್ಯಾನಿನೊಳಗೆ ಬ್ಯಾಟರಿಯಿಂದ ಓಡುವ ಅಂಗೈಯಷ್ಟು ಮೋಟಾರು. ಗೀಸರಿನಿಂದ ಒಂದು ಪೈಪು ತಗಡು ಕೊರೆದು ಒಳಗೆ ಬಂದು ಬೋಸಿಯ ಮೇಲೆ ನಿಂತಿತು. ಮೊದಲ ದಿನ ನೀರಿನ ರಭಸ ಸಾಲದೆ ಉರಿ ಹತ್ತಿಕೊಂಡು ಆರಿಹೋಯಿತು. ದೊಡ್ಡ ಮೋಟಾರು ಹಾಕಿದ ದಿನ ನೀರು ಕುದಿಯುತ್ತ ಬಂತು. ಓನರಮ್ಮ ಕೈ ಎಳೆದುಕೊಂಡು, "ನನ್ ಕೈ ಏನು ಮುದ್ದೆ ಹಿಟ್ಟಾ, ಬೇಯ್ಸೋಕೆ?" ಎಂದು ಬೈದು ಒಳಗೆ ಹೋದರು. ಮಾರನೆಯ ದಿನ ಯಜಮಾನರು ತಣ್ಣೀರಿನ ಇನ್ನೊಂದು ನಲ್ಲಿ ಕೂಡಿಸಿ, ಎರಡನ್ನೂ ಬೆರೆಸಿ, ತಮ್ಮ ಮೊಣಕೈ ಅದ್ದಿ ನೋಡಿ ಕರೆದರು. ಓನರಮ್ಮ ಗಾಡಿಯೊಳಗೆ ಕೂತು, ಬಾಗಿಲು ಹಾಕಿಸಿಕೊಂಡು, ಮುಷ್ಟಿ ಅದ್ದಿದರು. ಬೆರಳೆಲ್ಲ ಬಿಚ್ಚಿದ ಮೇಲೆ ಹೊರಗೆ ಬಂದು "ಪರ್ವಾಗಿಲ್ಲ" ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ನಾನು ಕೇಳಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನೀನ್ ಬಂದ್ರೆ ನಾನ್ ಓಗ್ತೀನಿ. ನೆರಿಗೆ ಯಾರ್ ಇಡೀತಾರೆ?" ಎಂದರು. ಜ್ವರದ ಸುಳ್ಳು ಅವರ ಹತ್ತಿರ ನಡೆಯುವುದಿಲ್ಲವೆಂದು ಗೊತ್ತಿತ್ತು.

ಮದುವೆ ಸೋಮವಾರ. ಹಿಂದಿನ ದಿನವೇ ಹೋಗೋಣವೆಂದರೆ, ಬೇರೆಡೆ ಮಲಗಲು ಇನ್ನೂ ಧೈರ್ಯವಿಲ್ಲ ಎಂದರು ಓನರಮ್ಮ. ಮುಹೂರ್ತ ಹನ್ನೊಂದರ ಹತ್ತಿರ, ಬೆಳಿಗ್ಗೆ ಆರಕ್ಕೆ ಹೊರಟರೆ ಧಾರಾಳ ಸಮಯ. ಗಾಡಿಗೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು, ಕುಂಬಳಕಾಯಿ ಒಡೆಯುವುದು, ರೇಷ್ಮೆ ಸೀರೆ ಇದಲ್ಲ ಅದು ಎಂದು ಬದಲಾಯಿಸುವುದು, ಇವೆಲ್ಲ ಮುಗಿಯುವಷ್ಟರಲ್ಲಿ ಏಳೂವರೆ ದಾಟಿತು. ಯಜಮಾನರು ಜೀಪಿನಿಂದ ಇಳಿದುಬಿಟ್ಟರು. "ರಾಹುಕಾಲ ಬಂತು. ಒಳ್ಳೆ ಕೆಲ್ಸಕ್ಕೆ ಹೊರಟಿದೀವಿ, ಈಗ ಹೊಸ್ತಿಲು ದಾಟೋ ಹಂಗಿಲ್ಲ." ಎಲ್ಲ ಸಿದ್ಧವಾಗಿ, ರೇಷ್ಮೆಯುಟ್ಟು, ಒಂಬತ್ತು ಗಂಟೆಯವರೆಗೆ ನಾವು ಹಜಾರದಲ್ಲಿ ಕೂತೆವು. ರಾಹುಕಾಲ ಕಳೆದು ಹೊರಟು, ಸೋಮವಾರ ಬೆಳಿಗ್ಗೆ ಒಂಬತ್ತರ ಹೆಬ್ಬಾಳಕ್ಕೆ ನೆಟ್ಟಗೆ ಹೋಗಿ ಸಿಕ್ಕಿಕೊಂಡೆವು.

ಮೇಲುಸೇತುವೆಯ ಬುಡದಲ್ಲಿ ನೀರಿನ ಟ್ಯಾಂಕರೊಂದು ಕೆಟ್ಟು ನಿಂತಿತ್ತಂತೆ. ಬೈಕಿನವರು ಸಂದಿಯಲ್ಲಿ ನುಸುಳುತ್ತಿದ್ದರು. ಹಿಂದೆ ಗಾಡಿ ಕಟ್ಟಿಕೊಂಡ ನಾವು ಮುಂದಕ್ಕೂ ಇಲ್ಲ, ಪಕ್ಕಕ್ಕೂ ಇಲ್ಲ. ಎಡಗಡೆ ಬಸ್ಸು, ಬಲಗಡೆ ಕ್ಯಾಬು, ಬೇಕೆಂದರೂ ಜೀಪಿನ ಬಾಗಿಲು ಪೂರ್ತಿ ತೆರೆಯುವಂತಿರಲಿಲ್ಲ. ಹತ್ತು ಗಂಟೆಯಾಯಿತು. ಓನರಮ್ಮ ಸೆರಗಿನೊಳಗೆ ಕೈ ಬಚ್ಚಿಟ್ಟುಕೊಂಡಿದ್ದರು. ಮನೆಯಲ್ಲಿ ಬಿಚ್ಚಿದ್ದ ಬೆರಳುಗಳು ಒಂದೇ ಸಮ ಕೂತು ಮತ್ತೆ ಮಡಚಿಕೊಳ್ಳುತ್ತಿದ್ದವು. ನಾನು ತಿಕ್ಕಿದೆ, ಉಪಯೋಗವಾಗಲಿಲ್ಲ. ಮುಂದಿದ್ದ ಲಾರಿಯ ಹಿಂಭಾಗವನ್ನೇ ನೋಡುತ್ತ ಅವರು, "ಇದು ನನ್ ಅಣೇಬರ ಬಿಡು" ಎಂದರು. ಜೀವನದಲ್ಲಿ ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು.

ತಮ್ಮನ ಮಗ ಫೋನು ಮಾಡಿ, "ಅತ್ತೇ, ಎಲ್ಲಿದೀರಾ? ಹುಡುಗ ಮಂಟಪಕ್ಕೆ ಬಂದಾಯ್ತು" ಎಂದ. ಓನರಮ್ಮನ ಫೋನು ಹಿಡಿದಿದ್ದ ನಾನು ಹೆಬ್ಬಾಳ ಎಂದೆ. ಅವನು, "ವಿಡಿಯೋ ಕಾಲ್ ಮಾಡ್ತೀನಿ, ಅಲ್ಲಿಂದ್ಲೇ ಅಕ್ಷತೆ ಹಾಕ್ಲಿ" ಎಂದ. ಮನೆಯಲ್ಲೇ ಅರಿಸಿನ ಕಲಸಿದ ಅಕ್ಷತೆ ಓನರಮ್ಮನ ಮಡಿಲಲ್ಲಿ ಡಬ್ಬಿಯಲ್ಲಿತ್ತು. ಅವರು ತಲೆಯೆತ್ತಿದರು.

"ಏನ್ರೀ, ಇಳೀರಿ. ಗೀಸರ್ ಹಚ್ಚಿ."

"ಇಲ್ಲೇನಾ? ರೋಡಲ್ಲಾ? ಪೊಲೀಸ್ನೋರು ಇಡ್ಕೊಂಡೋಗ್ತಾರೆ ಕಣೇ."

"ಇಡ್ಕೊಂಡೋಗೋಕೂ ಗಾಡಿ ಅಲ್ಲಾಡ್ಬೇಕಲ್ಲ. ಇಳೀರಿ."

ನಾವಿಬ್ಬರೂ ರೇಷ್ಮೆ ಸೀರೆ ಎತ್ತಿ ಹಿಡಿದು, ಬಸ್ಸಿಗೂ ಜೀಪಿಗೂ ನಡುವೆ ಅಡ್ಡಡ್ಡ ನುಸುಳಿ ಗಾಡಿಯೊಳಗೆ ಸೇರಿದೆವು. ಹೊರಗೆ ಭಗ್ ಎಂದು ಉರಿ ಹತ್ತಿತು. ಪೈಪಿನಿಂದ ಬಿಸಿನೀರು ಬೋಸಿಗೆ ಬಿತ್ತು. ಓನರಮ್ಮ ಮುಷ್ಟಿ ಅದ್ದಿ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಮುಂದಿನ ವಾಹನಗಳು ಚಲಿಸಿದವು. ಒಳಗೆ ನಾವು, ಹಿಂದೆ ಉರಿಯುವ ಗ್ಯಾಸು, ಯಜಮಾನರು ಹೊರಡುವಂತಿಲ್ಲ. ಹಿಂದಿನವರೆಲ್ಲ ಹಾರ್ನ್ ಒತ್ತತೊಡಗಿದರು. ಬೈಕಿನವನೊಬ್ಬ, "ಏನ್ ಗುರು, ಇಲ್ಲೇ ಸ್ನಾನಾನಾ?" ಎಂದ. ಟ್ರಾಫಿಕ್ ಪೊಲೀಸು ಬಂದು ತಗಡು ಬಡಿದ. ನಾನು ಬಾಗಿಲು ತೆರೆದೆ. ಅವನು ಬೋಸಿಯಲ್ಲಿದ್ದ ಕೈಗಳನ್ನೂ ರೇಷ್ಮೆ ಸೀರೆಯನ್ನೂ ನೋಡಿದ.

"ಸೋದರತ್ತೆ ಕಣಪ್ಪ ನಾನು. ಅಕ್ಷತೆ ಆಕ್ಬೇಕು, ಕೈ ಬಿಚ್ತಿಲ್ಲ" ಎಂದರು ಓನರಮ್ಮ.

"ಬೇಗ ಮುಗಿಸ್ರಮ್ಮಾ" ಎಂದು ಅವನು ಹಿಂದೆ ಹೋಗಿ ವಾಹನಗಳನ್ನು ಪಕ್ಕಕ್ಕೆ ತಿರುಗಿಸತೊಡಗಿದ.

ನಾನು ಕಿರುಬೆರಳಿನಿಂದ ಶುರು ಮಾಡಿದೆ. ಹೊರಗಿನ ಗದ್ದಲ ಕೇಳಿಸದವರಂತೆ ಅವರು ಕಣ್ಣು ಮುಚ್ಚಿಯೇ ಮಾತಾಡಿದರು. "ಅಲ್ಲ ಕಣಮ್ಮಿ, ನನ್ ಕೈ ಬಿಸ್ನೀರಿಗೆ ಬಿಚ್ತದೆ. ನಿನ್ ಬಾಯಿ ಯಾವ್ದಕ್ಕೆ ಬಿಚ್ತದೆ?"

ನಾನು ಮುಂದಿನ ಬೆರಳು ಹಿಡಿದೆ. ಮನೆ ತೋರಿಸಿದ ದಿನದ ಮೇಲೆ ಅವರು ನನ್ನ ವಿಷಯ ಕೇಳಿದ್ದು ಅದೊಂದೇ ಸಲ. ಅಷ್ಟೂ ದಿನ ಅವರಿಗೆ ಎಲ್ಲ ಗೊತ್ತಿತ್ತು ಎಂದು ಆಗ ತಿಳಿಯಿತು.

ಫೋನಿನಲ್ಲಿ ಗಟ್ಟಿಮೇಳ ಶುರುವಾಯಿತು. ಹುಡುಗಿಯ ಮುಖ ಅಲ್ಲಾಡುತ್ತ, ಮಸುಕಾಗುತ್ತ ಕಾಣಿಸಿತು. ಓನರಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಡಬ್ಬಿಯಿಂದ ಅಕ್ಷತೆ ತೆಗೆದು, ಐದೂ ಬೆರಳು ಬಿಡಿಸಿ ನಾನು ಹಿಡಿದಿದ್ದ ಫೋನಿನ ಮೇಲೆ ಸುರಿದರು. ಇನ್ನೊಂದು ಹಿಡಿ, ಮತ್ತೊಂದು ಹಿಡಿ. ಅದೆಲ್ಲ ನನ್ನ ತಲೆ, ತೋಳು, ಸೀರೆಯ ಮೇಲೆ ಬಿತ್ತು. ಛತ್ರದ ಕಡೆಯಿಂದ ಯಾರೋ, "ಸೋದರತ್ತೆದು ಬಿತ್ತು ನೋಡ್ರೋ" ಎಂದು ಕೂಗಿದರು. ಓನರಮ್ಮ ಕೈಗಳನ್ನು ಫೋನಿನ ಮುಂದೆ ಅಗಲಿಸಿ ಹಿಡಿದು, ಅದು ಕತ್ತಲಾಗುವವರೆಗೂ ತೋರಿಸುತ್ತಲೇ ಇದ್ದರು.

ನಾವು ತಲುಪಿದಾಗ ಕೊನೆಯ ಪಂಕ್ತಿ ಕೂತಿತ್ತು. ಊಟಕ್ಕೆ ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನು, "ಯಜಮಾನ್ರು ಬರ್ಲಿಲ್ವಾ?" ಎಂದು ಕೇಳಿದಳು. "ಊರಲ್ಲಿಲ್ಲ" ಎಂದೆ. ಓನರಮ್ಮ ನನ್ನ ಕಡೆ ಒಂದು ಸಲ ನೋಡಿ, ಅನ್ನಕ್ಕೆ ಸಾರು ಕಲಸಿಕೊಂಡರು.

ಆ ಗಾಡಿಯಲ್ಲಿ ಆಮೇಲೆ ಓನರಮ್ಮ ಶಿವಗಂಗೆಗೆ, ನಂದಿಗೆ, ಬಾಗಲಗುಂಟೆಯ ಒಂದು ಗೃಹಪ್ರವೇಶಕ್ಕೆ ಹೋಗಿಬಂದರು. ನನ್ನನ್ನು ಕರೆದರು, ನಾನು ಎಲ್ಲದಕ್ಕೂ ಹೋಗಲಿಲ್ಲ. ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ನಾನು ಕೆಳಗಿಳಿದಾಗ ಬೋಸಿ ಖಾಲಿಯಾಗಿತ್ತು. ಓನರಮ್ಮ ರಾತ್ರಿ ನಿದ್ದೆಯಲ್ಲೇ ತೀರಿಹೋಗಿದ್ದರು.

ನೆಂಟರೆಲ್ಲ ಬಂದು ತುಂಬಿಕೊಂಡರು. ಮೈ ತೊಳೆಸಲು ಹಿತ್ತಲಲ್ಲಿ ಸೀರೆ ಅಡ್ಡ ಕಟ್ಟಿದರು. ಯಾರೋ ಒಳಗಿನ ಗೀಸರ್ ಹಾಕಲು ಹೋದರೆ ಯಜಮಾನರು ಬೇಡವೆಂದು ಕೈ ಮಾಡಿ, ತಾವೇ ಗಾಡಿಯ ಹಿಂದೆ ಹೋಗಿ ಉರಿ ಹಚ್ಚಿದರು. ಮೊಣಕೈ ಅದ್ದಿ ಹದ ನೋಡಿ, ಬಕೆಟ್ಟು ತಂದು ನನ್ನ ಮುಂದಿಟ್ಟು, "ಮೊದ್ಲು ಕೈ" ಎಂದರು. ನಾನು ಬೋಸಿಯಲ್ಲಿ ಆ ಮುಷ್ಟಿಗಳನ್ನಿಟ್ಟು ಕಿರುಬೆರಳಿನಿಂದ ಶುರು ಮಾಡಿದೆ. ಬಿಚ್ಚಲಿಲ್ಲ. ಬಿಚ್ಚುವುದಿಲ್ಲವೆಂದು ಗೊತ್ತಿದ್ದೂ ತಿಕ್ಕುತ್ತಿದ್ದೆ.

ಚೊಂಬು ಹಿಡಿದು ನಿಂತಿದ್ದ ನೆಂಟರ ಪೈಕಿ ವಯಸ್ಸಾದ ಹೆಂಗಸೊಬ್ಬರು ಬಗ್ಗಿ ನೋಡಿ, "ನೀನ್ಯಾರಮ್ಮ? ಗಂಡ ಏನ್ ಮಾಡ್ಕೊಂಡವ್ನೆ?" ಎಂದು ಕೇಳಿದರು. ಸೀರೆಯ ಮರೆಯಲ್ಲಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಗಂಡನ್ನ ಬಿಟ್ಟಿದೀನಿ. ಈ ಮನೆ ಮೇಲ್ಗಡೆ ಒಬ್ಳೇ ಇದೀನಿ" ಎಂದೆ. "ನೀರು ಆರ್ತಾ ಇದೆ, ಇನ್ನೊಂದ್ ಚೊಂಬು ಹಾಕಿ."

ಅವರು ಹಾಕಿದರು.